ನೀಲಗಂಗಮ್ಮನ ತುತ್ತು

ಬಹಳ ಹಿಂದೆ, ಬಿಸಿಲು ಸೀಮೆಯ ಒಂದೂರು. ಯಾವ ಇಸವಿ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಆ ಊರಲ್ಲಿ ಒಂದು ಕ್ಯಾನ್ಸರ್ ಆಸ್ಪತ್ರೆ. ಅದರ ಸರ್ವರ್ ಕೋಣೆಯಲ್ಲಿ ನೀಲಗಂಗಮ್ಮ ಅನ್ನುವವಳು ಟೇಪು ನೋಡಿಕೊಳ್ಳುತ್ತಿದ್ದಳಂತೆ. ಸರ್ವರಿನಲ್ಲಿ ಇದ್ದದ್ದನ್ನೆಲ್ಲ ವಾರಕ್ಕೊಮ್ಮೆ ಟೇಪಿಗೆ ನಕಲು ಇಳಿಸುವುದು ಅವಳ ಕೆಲಸ. ಟೇಪು ನುಂಗಿ ಓಡಿಸುವ ಡ್ರೈವಿಗೆ ಕಿವಿ ಹಚ್ಚಿ, ಅದು ಸುಖವಾಗಿ ಓಡುತ್ತಿದೆಯೋ ತಡವರಿಸುತ್ತಿದೆಯೋ ಹೇಳುತ್ತಿದ್ದಳಂತೆ. ಟೇಪಿನ ಮೇಲೆ ಬೆರಳಾಡಿಸಿಯೇ ಒಳಗಿನ ಹೆಸರು ಓದುತ್ತಿದ್ದಳು ಅನ್ನುವವರೂ ಇದ್ದಾರೆ. ಅದು ಬರೀ ಸುಳ್ಳು, ನೀವು ಯಾರೂ ಬೆರಳಿಡಲು ಹೋಗಬೇಡಿ.

ಆ ಸರ್ವರಿನಲ್ಲಿ ಇದ್ದದ್ದು ಯಾವ ರೋಗಿಗೆ ಮೈಯ ಯಾವ ಭಾಗಕ್ಕೆ ಎಷ್ಟು ಕಿರಣ ಕೊಟ್ಟಾಗಿದೆ ಅನ್ನುವ ಲೆಕ್ಕ. ಅದು ಅಳಿಸಿ ಹೋದರೆ ದಿಕ್ಕೇ ತಪ್ಪಿದಂತೆ. ಕಡಿಮೆ ಕೊಟ್ಟರೆ ರೋಗ ತಿನ್ನುತ್ತದೆ, ಹೆಚ್ಚು ಕೊಟ್ಟರೆ ಕಿರಣವೇ ಸುಡುತ್ತದೆ. ಆ ವರ್ಷ ಅದರಲ್ಲಿ ನೀಲಗಂಗಮ್ಮನ ಸ್ವಂತ ಅಕ್ಕ ಬಸಲಿಂಗಮ್ಮನ ಹೆಸರೂ ಇತ್ತಂತೆ.

ಆಯುಧ ಪೂಜೆ ಬಂತು. ಎಲ್ಲರೂ ಮಾಡುವಂತೆ ಇವರೂ ಯಂತ್ರಗಳಿಗೆ ಹೂವು ಹಾಕಿ, ಕುಂಕುಮ ಹಚ್ಚಿ, ಲೋಬಾನದ ಹೊಗೆ ಕೊಟ್ಟರು. ಮಾರನೇ ದಿನ ವಾರದ ನಕಲಿಗೆ ಟೇಪು ಹಾಕಿದರೆ ಅರ್ಧಕ್ಕೇ ನಿಂತು, ಡ್ರೈವಿನ ಕೆಂಪು ದೀಪ ಹತ್ತಿಕೊಂಡಿತು. ಬೇರೆ ಟೇಪು ಹಾಕಿದರು, ಅದೂ ನಿಂತಿತು. ಅದೇ ಹೊತ್ತಿಗೆ, ಲೆಕ್ಕವೆಲ್ಲ ಇದ್ದ ಸರ್ವರಿನ ಡಿಸ್ಕು ಟಕ್ ಟಕ್ ಅನ್ನತೊಡಗಿತಂತೆ. ಆ ಸದ್ದು ಬಂತೆಂದರೆ ಡಿಸ್ಕಿಗೆ ಸಾವು ಹತ್ತಿರ ಅಂತಲೇ ಅರ್ಥ.

 ಪೂಜೆಯಲ್ಲಿ ಏನೋ ಲೋಪವಾಗಿದೆ ಅಂದರು ಕೆಲವರು. ಮತ್ತೆ ಹೊಗೆ ಹಾಕಿದರು, ಮತ್ತೆ ಕುಂಕುಮ ಹಚ್ಚಿದರು. ಆಮೇಲೆ ಹಾಕಿದ ಟೇಪು ಸುಕ್ಕುಗಟ್ಟಿ ಹೊರಗೆ ಬಂತಂತೆ. ಸುದ್ದಿ ಹೊರಗೂ ಹೋಯಿತು. ಪಡಸಾಲೆಯಲ್ಲಿ ಸರದಿಗೆ ಕೂತಿದ್ದ ರೋಗಿಗಳು ಎದ್ದು ಸರ್ವರ್ ಕೋಣೆಯ ಬಾಗಿಲಿಗೆ ಬಂದು ನಿಂತರಂತೆ. ನನಗೆ ಹೇಳಿದವರು ಇಷ್ಟು ಹೇಳುವಾಗ ದನಿ ತಗ್ಗಿಸುತ್ತಿದ್ದರು.

ಇನ್ನು ನಕಲು ಅಂತ ಉಳಿದದ್ದು ಒಂದೇ, ಹಿಂದಿನ ವಾರದ ಒಳ್ಳೆಯ ಟೇಪು. ಅದನ್ನೇ ಹಾಕಿ ನೋಡೋಣ, ಓಡಿದರೆ ತಪ್ಪು ಟೇಪುಗಳದ್ದು, ಓಡದಿದ್ದರೆ ಡ್ರೈವಿನದು ಅಂದರು ಅವಳ ಸಾಹೇಬರು ಮಲ್ಲೇಶಪ್ಪ. ಎಲ್ಲರೂ ತಲೆಯಾಡಿಸಿದರು. ನೀಲಗಂಗಮ್ಮ ಮಾತ್ರ ಆ ಟೇಪನ್ನು ಸೆರಗಿನಲ್ಲಿ ಮುಚ್ಚಿಕೊಂಡಳಂತೆ.

"ಕೆಟ್ಟ ಬಾಯಿಗೆ ಕಡೀ ತುತ್ತು ಹಾಕಬ್ಯಾಡ್ರಿ ಸಾಹೇಬ್ರ. ಇದರಾಗ ನಮ್ಮಕ್ಕ ಅದಾಳ."

ಮೊದಲು ಏನೂ ಬರೆಯದ ಖಾಲಿ ಟೇಪು ಕೊಟ್ಟು ನೋಡೋಣ ಅಂದಳು. ಕೊಟ್ಟರು. ಡ್ರೈವು ಅದನ್ನೂ ಗೀರಿ ಉಗುಳಿತು. ಅದರ ಅಂಚಿಗೆ ಕೆಂಪು ಪುಡಿ ಮೆತ್ತಿತ್ತು. ಅದನ್ನು ಕಂಡವಳೇ ತನ್ನ ಬೆರಳು ನೋಡಿಕೊಂಡಳಂತೆ. ಪ್ರತಿ ವರ್ಷ ಡ್ರೈವಿನ ನೆತ್ತಿಗೆ ಬೊಟ್ಟಿಡುತ್ತಿದ್ದವಳು, ಆ ವರ್ಷ ಅಕ್ಕನ ಹೆಸರು ಹೋಗುವ ದಾರಿ ಇದು ಅಂತ, ಟೇಪು ನುಂಗುವ ಬಾಯಿಗೇ ಬೆರಳು ತುಂಬ ಕುಂಕುಮ ಮೆತ್ತಿದ್ದಳು.

"ನಾನ ಹಚ್ಚೀನ್ರಿ ಅದನ್ನ" ಅಂದಳು.

ಸಾಹೇಬರು ಬೈಯಲಿಲ್ಲವಂತೆ. ಜೀಪು ಹತ್ತಿ, ಪಕ್ಕದೂರಿನ ಆಸ್ಪತ್ರೆಯಿಂದ ಅಂಥದೇ ಡ್ರೈವು ತರಲು ಹೋದರು. ಅವರು ಬರುವ ಮೊದಲೇ ಡಿಸ್ಕಿನ ಟಕ್ ಟಕ್ ನಿಂತಿತು. ಸದ್ದಿಗಿಂತ ಅದು ನಿಂತದ್ದೇ ಹೆಚ್ಚು ಭಯ. ಈಗ ಅಷ್ಟೂ ಜನರ ಜೀವ ಇದ್ದದ್ದು ಅವಳ ಸೆರಗಿನಲ್ಲಿ.

ಬೇರೆ ಡ್ರೈವು ಬಂತು, ಹೊಸ ಡಿಸ್ಕು ಕೂರಿಸಿದರು. ನೀಲಗಂಗಮ್ಮ ಕೈ ತೊಳೆದಳು. ಆಮೇಲೆ ಹಣೆಯ ಕುಂಕುಮವನ್ನೂ ಒರೆಸಿಕೊಂಡಳು. ಗಂಡ ಬದುಕಿರುವ ಹೆಂಗಸು ಹಾಗೆ ಮಾಡಿದ್ದು ಕಂಡು ಸುತ್ತ ನಿಂತವರು ಬಿಡ್ತು ಬಿಡ್ತು ಅಂದರಂತೆ. ಮೊದಲು ಖಾಲಿ ಟೇಪು ಕೊಟ್ಟಳು, ಗೀರಿಲ್ಲದೆ ಬಂತು. ಆಮೇಲೆ ಸೆರಗಿನ ಟೇಪು ಕೊಟ್ಟು ಕಿವಿ ಹಚ್ಚಿ ಕೂತಳು. ಅದು ತಡವರಿಸದೆ ಓಡಿತು.

ನಡುವಿನ ಕೆಲವು ದಿನಗಳ ಲೆಕ್ಕವನ್ನು ರೋಗಿಗಳನ್ನೂ ಡಾಕ್ಟರರನ್ನೂ ಕೇಳಿ ತುಂಬಿದರಂತೆ. ಬಸಲಿಂಗಮ್ಮ ಚಿಕಿತ್ಸೆ ಮುಗಿಸಿ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದಳಂತೆ.

ಇವತ್ತಿಗೂ ಆ ಸೀಮೆಯ ಸರ್ವರ್ ಕೋಣೆಗಳಲ್ಲಿ ಆಯುಧ ಪೂಜೆಯ ಕುಂಕುಮ ಬಾಗಿಲ ಚೌಕಟ್ಟಿಗೆ ಮಾತ್ರ. ಡ್ರೈವು ಮುನಿಸಿಕೊಂಡರೆ ಮೊದಲು ಖಾಲಿ ಟೇಪು ಕೊಡುತ್ತಾರೆ, ಅದಕ್ಕೆ ನೀಲಗಂಗಮ್ಮನ ತುತ್ತು ಅನ್ನುತ್ತಾರೆ. ಅದನ್ನು ಕೊಡಲು ಹೋಗುವ ಹೆಣ್ಣುಮಗಳು, ಯಾರೂ ಹೇಳದಿದ್ದರೂ, ಹೊಸ್ತಿಲಲ್ಲಿ ನಿಂತು ಹಣೆ ಒರೆಸಿಕೊಂಡೇ ಒಳಗೆ ಕಾಲಿಡುತ್ತಾಳೆ.