ಬೀಗುವವನನ್ನು ತೋರಿಸು

೧೯೫೪ರ ನವೆಂಬರ್ ೯, ಮಂಗಳವಾರ. ನನ್ನ ದಿನಚರಿಯಲ್ಲಿ ಹೀಗಿದೆ: "ಇಂಟರ್‌ಮೀಡಿಯೆಟ್ ತರಗತಿಯಲ್ಲಿ 'ಬೀಗು' ಪದದ ಅರ್ಥ ಕೇಳಿದರು. 'ಉಬ್ಬು' ಎಂದೆ. ಅರ್ಧ ಸರಿ ಎಂದರು." ಉಳಿದರ್ಧಕ್ಕೆ ಸೋದರತ್ತೆ ಸಂಜೆ ಈ ಕತೆ ಹೇಳಿದರು.

ಹೆಬ್ಬಳಗೆರೆಯ ಅರಸ ಸೋಮರಸ ನಿಘಂಟು ಬರೆಸುತ್ತಿದ್ದ. 'ಬೀಗು' ಬಂದಾಗ ಪಂಡಿತರನ್ನು ತಡೆದು ತಾನೇ ಹೇಳಿದ: "ತನ್ನನ್ನು ತಾನೇ ಮೆಚ್ಚಿಕೊಂಡು ಉಬ್ಬುವುದು. ಪ್ರಯೋಗ: ಪಕ್ಕದ ರಾಜ್ಯದವರು ಬೀಗುತ್ತಾರೆ. ನಮ್ಮಲ್ಲಿ ಅಂಥವರಿಲ್ಲ."

ಆಸ್ಥಾನದ ಮಾತುಗಾರ ನಂಜೇದೇವ ಕೆಮ್ಮಿದ.

"ಏನಯ್ಯಾ ಅದು ಕೆಮ್ಮು?"

"ಉದಾಹರಣೆಗೆ ಅಷ್ಟು ದೂರ ಹೋಗಬೇಕೆ ಎಂದುಕೊಂಡೆ, ಬುದ್ಧಿ."

"ಹಾಗಾದರೆ ನಾಳೆ ಇದೇ ಸಭೆಯಲ್ಲಿ ಒಬ್ಬನನ್ನು ತೋರಿಸು. ನೀನು ಬೆರಳು ಮಾಡಿದರೆ ಸಾಲದು, ಅವನೇ ಒಪ್ಪಿಕೊಳ್ಳಬೇಕು. ಇಲ್ಲವೋ, ಗಂಟು ಕಟ್ಟಿ ರಾಜ್ಯ ಬಿಡು."

ಮನೆಯಲ್ಲಿ ಹೆಂಡತಿ ಹೊನ್ನಾಜಿ ತಲೆ ಚಚ್ಚಿಕೊಂಡಳು. "ಬಾಯಿ ಮುಚ್ಚಿಕೊಂಡಿದ್ದರೆ ಸ್ವಂತ ಬಾವಿಯ ನೀರಾದರೂ ಉಳಿಯುತ್ತಿತ್ತು. ಬೀಗುವವನು ಎಲ್ಲಾದರೂ ಒಪ್ಪಿಕೊಳ್ಳುತ್ತಾನೆಯೆ?"

ನಂಜೇದೇವ ನೆಟ್ಟಗೆ ಭಟ್ಟಂಗಿ ಮಾಳಿಗನ ಮನೆಗೆ ನಡೆದ. ಅರಸ ಸಭೆಗೆ ಬರುವಾಗ ಬಿರುದು ಕೂಗುವುದು ಮಾಳಿಗನ ಕೆಲಸ. ಒಂದೊಂದು ಬಿರುದಿಗೂ ಅರಸ ಅರೆಗಣ್ಣು ಮುಚ್ಚಿ, ಮೀಸೆ ತಿರುವಿ, 'ಹೂಂ' ಎನ್ನುವುದು ವಾಡಿಕೆ.

"ನಾಳೆ ಇನ್ನೂ ಮೂರು ಬಿರುದು ಸೇರಿಸು," ಎಂದು ಆ ಮೂರನ್ನೂ ಕಿವಿಯಲ್ಲಿ ಉಸುರಿದ.

ಮಾಳಿಗ ಬೆವೆತ. "ಅರಸರ ಕಿವಿಗೆ ಬಿದ್ದರೆ ತಲೆ ಹೋದೀತು, ಸ್ವಾಮಿ."

"ಬಿದ್ದರೆ ತಾನೆ?"

ಮರುದಿನ ಮಾಳಿಗ ಕೂಗಿದ. "ಶತ್ರುಗಜಕೇಸರಿ!"

"ಹೂಂ."

"ತಾತನಿಗೆ ನಾಮಕರಣ ಮಾಡಿದ ಧೀರ!"

"ಹೂಂ."

"ಹುಟ್ಟುವ ಮೊದಲೇ ಕೋಟೆ ಗೆದ್ದ ಶೂರ!"

"ಹೂಂ."

"ಸೋತ ಯುದ್ಧದಲ್ಲೂ ಎಲ್ಲರಿಗಿಂತ ಮೊದಲು ಮನೆ ಸೇರಿದ ವೀರ!"

ಇದಕ್ಕೆ ಮೀಸೆ ಎರಡು ಸಲ ತಿರುಗಿತು. ಸಭೆಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

ನಂಜೇದೇವ ಎದ್ದು ಕೈಮುಗಿದ. "ಬುದ್ಧಿ, ತಾತನವರಿಗೆ ಏನು ಹೆಸರಿಟ್ಟಿರಿ?"

"ಯಾರ ತಾತ?"

"ನಿಮ್ಮ ತಾತ. ಈಗ ತಾನೇ ಹೂಂಗುಟ್ಟಿದಿರಿ."

ಅರಸ ಬಿರುದುಗಳನ್ನು ಮತ್ತೆ ನಿಧಾನವಾಗಿ ಹೇಳಿಸಿದ. ಕೈ ಮೀಸೆಯಿಂದ ಕೆಳಗಿಳಿಯಿತು. ಆಮೇಲೆ ಹೇಳಿದ: "ಬೀಗುವವನು ನಾನೇ. ಒಪ್ಪಿದೆ. ನೀನು ಗೆದ್ದೆ."

"ಎಲ್ಲಿ ಗೆದ್ದೆ, ಬುದ್ಧಿ? ಬೀಗುವವನು ಒಪ್ಪುವುದಿಲ್ಲ, ಒಪ್ಪಿದವನು ಬೀಗುವವನಲ್ಲ. ನಾನು ಸೋತೆ. ಗಂಟು ಕಟ್ಟಲೇ?"

ಅರಸ ಹೊಟ್ಟೆ ಹಿಡಿದು ನಕ್ಕು, ಹೆಗಲ ಶಾಲು ತೆಗೆದು ಅವನಿಗೆ ಹೊದಿಸಿದ.

ಒಟ್ಟು ವೆಚ್ಚ, ಒಂದು ಶಾಲು ಮತ್ತು ಮೂರು ಬಿರುದು. ಉಳಿದ ಬಿರುದುಗಳು ಎಷ್ಟು ನಿಜವೆಂದು ಯಾರೂ ಕೇಳಲಿಲ್ಲ.