ಒಂದು ಜೀವದ ಕಂಪು

ಮುಸ್ಸಂಜೆ ತೊಗರಿ ಹೊಲದಲ್ಲಿ ಗಂಡು ಪತಂಗವೊಂದು ಹೆಣ್ಣಿನ ಕಂಪು ಹಿಡಿದು ಗಾಳಿಗೆ ಎದುರಾಗಿ ಹಾರತೊಡಗಿತು. ಅದಕ್ಕೆ ಹುಟ್ಟಿನಿಂದ ಬಂದ ಪಾಠ ಒಂದೇ: ಕಂಪು ತಂದ ಗಾಳಿಗೆ ಎದೆಯೊಡ್ಡಿ ಹೋದರೆ ಕೊನೆಯಲ್ಲಿ ಅವಳಿರುತ್ತಾಳೆ.

ದಾರಿಯಲ್ಲಿ, ಎಲೆಯೊಂದರ ಮೇಲೆ ಕುಳಿತಿದ್ದ ಹೆಣ್ಣು ಪತಂಗ ಕರೆಯಿತು. "ಅಯ್ಯಾ, ನಿಲ್ಲು. ನಾನು ಇಲ್ಲೇ ಇದ್ದೇನೆ."

"ನಿನ್ನ ಕಂಪು ತೀರಾ ತೆಳು. ಮುಂದಿರುವವಳದು ಹೊಲವನ್ನೇ ತುಂಬಿದೆ."

"ಒಂದು ಜೀವದಿಂದ ಇಷ್ಟೇ ಆಗುವುದು," ಎಂದಿತು ಹೆಣ್ಣು. ಗಂಡು ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಹೊಲದ ನಡುವೆ ರೈತ ಪತಂಗ ಹಿಡಿಯಲು ಗೂಟಕ್ಕೆ ಆಲಿಕೆಯಂಥ ಬಲೆ ಕಟ್ಟಿದ್ದ. ಗಂಡು ಅದರೊಳಗೆ ನುಗ್ಗಿ, ಜಾರಿ, ಕೆಳಗಿನ ಚೀಲಕ್ಕೆ ಬಿತ್ತು. ಚೀಲದ ತುಂಬ ಬರೀ ಗಂಡುಗಳೇ.

"ಅವಳೆಲ್ಲಿ?" ಎಂದು ಕೇಳಿತು.

"ನಾವೂ ಬಂದ ಕೂಡಲೇ ಅದನ್ನೇ ಕೇಳಿದೆವು. ಮೇಲೆ ನೋಡು," ಎಂದಿತು ರೆಕ್ಕೆ ಹರಿದ ಪತಂಗವೊಂದು.

ಮೇಲೆ, ಹೆಣ್ಣಿನದೇ ಎನಿಸುವ ಕಂಪು ಸವರಿದ ರಬ್ಬರಿನ ತುಣುಕೊಂದು ತೂಗುತ್ತಿತ್ತು.

ಬೆಳಗಿನ ಜಾವ ಗಾಳಿ ದಿಕ್ಕು ಬದಲಿಸಿತು. ಸಂಜೆ ತೆಳುವೆನಿಸಿದ್ದ ಕಂಪು ಎಲೆಯ ಕಡೆಯಿಂದ ಚೀಲದೊಳಗೆ ಸುಳಿದು ಬಂತು. ಹೆಣ್ಣು ಇನ್ನೂ ಕರೆಯುತ್ತಲೇ ಇತ್ತು. ಗಂಡು ಎದ್ದು, ಆ ಗಾಳಿಗೆ ಎದುರಾಗಿ ಶಕ್ತಿಯಿದ್ದಷ್ಟೂ ರೆಕ್ಕೆ ಬಡಿಯಿತು.

ಚೀಲ ಒಂದಿಷ್ಟು ಅಲುಗಾಡಿತು.