ಅಂಚಿನಲ್ಲಿ ಓಡುವ ಮಿಂಚು

"ನನ್ನ ತಮ್ಮನ ಕೈ ಬಿಡಬೇಡಿ" ಅಂದಳು ಸಣ್ಣೀರನ ಹೆಂಡತಿ. ಅಷ್ಟು ಹೇಳಿ ಕಣ್ಣು ಮುಚ್ಚಿದಳು.

ಆ ತಿಂಗಳಲ್ಲೇ ಅರಮನೆಯ ಡಂಗುರ ಬಂತು. "ಕೇಳ್ರಪ್ಪೋ! ರಾಜರ ಹತ್ತಿರ ಒಂದು ಹರಳುಗಲ್ಲಿದೆ. ಮಂಜುಗಡ್ಡೆಯಲ್ಲಿ ಇಟ್ಟರೆ ಅದರೊಳಗೆ ಮಿಂಚು ಓಡುತ್ತದೆ. ಅದರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!"

ಸಣ್ಣೀರ ಬೇಡ ಅಂದರೂ ಅವನ ಭಾವಮೈದುನ ಜವರ ಅರಮನೆಗೆ ಓಡಿದ. ಅಷ್ಟರಲ್ಲೇ ಮೊದಲ ಒಗಟಿಗೆ ದಳವಾಯಿಯೊಬ್ಬ "ದೇವರ ವರ" ಅಂದು ತಪ್ಪಿದ್ದ. ವ್ಯಾಪಾರಿಯೊಬ್ಬ "ಪಾದರಸ" ಅಂದು ತಪ್ಪಿದ್ದ. ಜವರ "ದೆವ್ವ" ಅಂದ. ಮೂವರನ್ನೂ ಕಂಬಕ್ಕೆ ಕಟ್ಟಿದರು. ಸಂಜೆಗೆ ತಲೆ ತೆಗೆಯುವುದು.

ಸಣ್ಣೀರ ಚಾಪೆ ಹೆಣೆಯುವವನು. ಹಲ್ಲು ಕಡಿಯುತ್ತಲೇ ಬಂದ.

"ಕತ್ತೆ, ಯಾರು ಕರೆದಿದ್ದರು ನಿನ್ನ?"

"ಬೈಯೋಕೆ ಬಂದ್ರಾ ಭಾವ? ಸಂಜೆವರೆಗೂ ಪುರುಸೊತ್ತಿದೆ, ಬೈಯಿರಿ."

ಸಣ್ಣೀರ ತಾನೇ ಒಗಟು ಬಿಡಿಸುತ್ತೇನೆ ಅಂತ ರಾಜನ ಮುಂದೆ ನಿಂತ. ರಾಜ ಕೇಳಿದ: "ತಣ್ಣಗಿರುವಾಗ ಮಿಂಚು ದಣಿಯದೆ ಓಡುತ್ತದೆ. ಹೇಗೆ?"

"ಒಂಟಿಯಾಗಿ ಓಡೋನು ಎಡವುತ್ತಾನೆ ಬುದ್ಧಿ. ಕಲ್ಲೊಳಗಿನ ಮಿಂಚುಗಳು ಜೋಡಿ ಕಟ್ಟಿ ಓಡ್ತವೆ. ಎಲ್ಲ ಜೋಡಿಗೂ ಒಂದೇ ಹೆಜ್ಜೆ." ಜೋಡಿ ಅನ್ನುವಾಗ ಸಣ್ಣೀರ ಜವರನ ಕಡೆ ನೋಡಿದ.

ರಾಜ ಎರಡನೆಯದು ಕೇಳಿದ: "ಜೋಡಿ ಬಿಟ್ಟ ಒಂಟಿ ಮಿಂಚಿಗೆ ಕಲ್ಲಿನ ನಡುವೆ ಜಾಗವಿಲ್ಲ. ಅಂಚಿನಲ್ಲಿ ಮಾತ್ರ ದಾರಿ. ಅಂಚನ್ನು ಉಜ್ಜಿ ತೆಗೆಸಿದೆ. ಹೊಸ ಅಂಚಿನಲ್ಲೂ ದಾರಿ ಬಂತು. ಯಾರು ಮಾಡಿದರು?"

"ಯಾರೂ ಇಲ್ಲ. ಒಳಗಿನ ಹೆಣಿಗೆ ಹೇಗೋ ಅಂಚು ಹಾಗೆ. ಹೆಣಿಗೆ ಇರೋವರೆಗೂ ಅಂಚಿನ ದಾರಿ ಇರ್ತದೆ."

ರಾಜ ಮೂರನೆಯದನ್ನು ತನಗೂ ತಿಳಿಯದವನ ಹಾಗೆ ಕೇಳಿದ. "ಈಗ ಆ ದಾರಿ ಹೋಗಿದೆ. ಮಿಂಚು ಓಡಿದರೆ ತಿರುಗುವ ಸೂಜಿ ಅಂಚಿಗೆ ಹಿಡಿದರೂ ಅಲ್ಲಾಡುವುದಿಲ್ಲ. ಕಲ್ಲು ಅದೇ, ತಣ್ಣಗೂ ಇದೆ. ಯಾಕೆ ಹೋಯಿತು?"

ಸಣ್ಣೀರನಿಗೆ ರೇಗಿತು. "ನಿಮಗೇ ಗೊತ್ತಿಲ್ಲದ್ದಕ್ಕೆ ನಮ್ಮ ತಲೆ ತೆಗೀತೀರಾ?"

ರಾಜ ಮಂಜುಗಡ್ಡೆಯಲ್ಲಿದ್ದ ಕಲ್ಲನ್ನು ಅವನ ಮುಂದೆ ಸರಿಸಿದ. ಸಣ್ಣೀರ ಕಲ್ಲಿನ ಸುತ್ತ ನೋಡಿದ. ಈಚೆಗೆ ಚೆಂದಕ್ಕೆಂದು ಒಂದು ಪಕ್ಕಕ್ಕೆ ಚಿನ್ನದ ಪಟ್ಟಿ ಹಾಕಿಸಿದ್ದರು.

"ಹೊಸಬರು ಚಾಪೆ ಹೆಣೆಯುವಾಗ ಬಲಗಡೆಯೇ ಜಗ್ಗಿ ಎಳೀತಾರೆ. ಚಾಪೆ ಓರೆಯಾಗ್ತದೆ, ಅಂಚು ಬಿಚ್ಚಿಕೊಳ್ತದೆ. ಈ ಹರಳೊಳಗೆ ಎಡ ಬಲ ಕನ್ನಡಿಯಲ್ಲಿ ಕಂಡ ಹಾಗೆ ಒಂದೇ ಸಮ. ಆ ಸಮವೇ ಅಂಚಿನ ದಾರಿಗೆ ಕಾವಲು. ನಿಮ್ಮ ಪಟ್ಟಿ ಒಂದೇ ಪಕ್ಕ ಬಿಗಿದು ಅದನ್ನ ಕೆಡಿಸಿದೆ. ಬಿಚ್ಚಿಸಿ."

ಅಕ್ಕಸಾಲಿಗ ಪಟ್ಟಿ ಬಿಚ್ಚಿದ. ಸೂಜಿ ನಡುಗಿತು. ಮೆಲ್ಲಗೆ ತಿರುಗಿತು.

"ಅರ್ಧ ರಾಜ್ಯ ತಗೋ" ಅಂದ ರಾಜ.

"ಬೇಡ ಬುದ್ಧಿ. ಕಟ್ಟಿದವರನ್ನ ಬಿಡಿ. ಇವನೊಬ್ಬನನ್ನ ನೋಡಿಕೊಳ್ಳೋದೇ ನನಗೆ ಒಂದು ರಾಜ್ಯದಷ್ಟು ಕೆಲಸ."

ಮೂವರನ್ನೂ ಬಿಟ್ಟರು. ದಾರಿಯುದ್ದಕ್ಕೂ ಸಣ್ಣೀರ ಬೈದ. ಜವರ ಹೂಂಗುಟ್ಟಿದ.

ಮರುದಿನ ಬೆಳಿಗ್ಗೆ ಜವರ ಇನ್ನೂ ಗೊರಕೆ ಹೊಡೆಯುತ್ತಿದ್ದ. ಸಣ್ಣೀರ ಎದ್ದು, ಹೆಂಡತಿ ಹೋದಮೇಲೆ ಮೊದಲ ಸಲ ಒಲೆ ಹಚ್ಚಿದ. ಇಬ್ಬರಿಗಾಗುವಷ್ಟು ಅಂಬಲಿ ಕಾಯಿಸಿದ.